ಹಿಟ್ಟು ಮೆತ್ತಿದ ಹಣ

ಬಾಗಿಲನ್ನು ತಳ್ಳಬೇಕೋ ಎಳೆಯಬೇಕೋ ಅವಳಿಗೆ ಹೊಳೆಯಲಿಲ್ಲ. ವರ್ಷಗಳಿಂದ ದಿನಾ ನಸುಕಿನಲ್ಲಿ ಈ ಗಾಜನ್ನು ಒಳಗಿನಿಂದ ಒರೆಸುತ್ತ ಬಂದವಳು ಅವಳೇ. ಆದರೆ ಒರೆಸುವ ಹೊತ್ತಿನಲ್ಲಿ ಅದಕ್ಕೆ ಬೀಗ ಬಿದ್ದಿರುತ್ತಿತ್ತು; ಅವಳ ಮಟ್ಟಿಗೆ ಅದು ಬಾಗಿಲಲ್ಲ, ಹಿಡಿಕೆಯಿರುವ ಗೋಡೆ. ಅವಳು ಬರುವುದು ಹೋಗುವುದೆಲ್ಲ ಕಸದ ಡಬ್ಬಗಳ ಪಕ್ಕದ ಹಿಂಬಾಗಿಲಿನಲ್ಲಿ, ಬ್ಯಾಂಕು ಕಣ್ಣು ಬಿಡುವ ಮೊದಲು. ಈಗ ನಡುಹಗಲಿನಲ್ಲಿ, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು, ಅಕ್ಕ ಕಳಿಸಿದ ನೋಟಿನ ಕಟ್ಟುಗಳಿದ್ದ ಚೀಲವನ್ನು ಎದೆಗವಚಿಕೊಂಡು ನಿಂತವಳಿಗೆ ಗಾಜಿಗೆ ಬೆರಳು ತಾಕಿಸಲು ಮನಸ್ಸೊಪ್ಪಲಿಲ್ಲ. ಇಟ್ಟ ಬೆರಳಿನ ಗುರುತನ್ನು ನಾಳೆ ಒರೆಸಬೇಕಾದವಳೂ ತಾನೇ. ಯಾವ ದರಿದ್ರದ ಕೈಯೋ ಎಂದು ದಿನಾ ಬೆಳಗ್ಗೆ ಬೈದುಕೊಳ್ಳುವ ಆ ಕೈ ಇವತ್ತು ತನ್ನದೇ ಆಗುವುದೆಂದರೆ! ಮೊಣಕೈಯಿಂದ ಮೆಲ್ಲಗೆ ಒತ್ತಿದಳು. ಬಾಗಿಲು ಅಲುಗಲಿಲ್ಲ. ಒಳಗೆ ನಿಂತಿದ್ದ ಗಾರ್ಡ್ ಅವಳ ಹೋರಾಟವನ್ನು ಸ್ವಲ್ಪ ಹೊತ್ತು ಸುಖವಾಗಿ ನೋಡಿ, ಆಮೇಲೆ ಎಳೆದು ತೆರೆದ.

"ಕೈಯಲ್ಲಿ ತಳ್ಳಿ ಅಮ್ಮಾ, ಅದೇನ್ ಕಚ್ಚಲ್ಲ. ಏನ್ ಕೆಲಸ?"

"ದುಡ್ಡು ಕಟ್ಬೇಕು. ನಮ್ಮ ದೇಶದ್ದು."

"ನಿಮ್ಮ ದೇಶದ ದುಡ್ಡು ನಮ್ಮ ದೇಶದಲ್ಲಿ ಯಾಕೆ ಕಟ್ತೀರಾ?" ಎಂದವನು ತನ್ನ ಮಾತಿಗೆ ತಾನೇ ನಕ್ಕು, ಟೋಕನ್ ಚೀಟಿ ಹರಿದು ಕೊಟ್ಟ.

ಕುರ್ಚಿಯ ತುದಿಯಲ್ಲಿ ಕೂತಳು. ಈ ಕುರ್ಚಿಗಳ ಹೊಟ್ಟೆ ಅವಳಿಗೆ ಚೆನ್ನಾಗಿ ಗೊತ್ತು, ಬೆನ್ನು ಗೊತ್ತಿರಲಿಲ್ಲ. ಒರಗಿದರೆ ಇಷ್ಟು ಮೆತ್ತಗಿರುತ್ತದೆಂದು ಇವತ್ತೇ ತಿಳಿದದ್ದು. ಎದುರಿಗೆ ನೆಲದ ಮೇಲೆ ಯಾರೋ ಮುದುಡಿ ಎಸೆದ ಟೋಕನ್ ಚೀಟಿ ಬಿದ್ದಿತ್ತು. ನೋಡಬಾರದು ಎಂದುಕೊಂಡಳು. ನೋಡಿದಳು. ಕೈ ತಾನಾಗಿ ಹೋಗಿ ಅದನ್ನು ಎತ್ತಿಕೊಂಡಿತು, ಎತ್ತಿದ್ದನ್ನು ಎಲ್ಲಿಡುವುದೆಂದು ತಿಳಿಯದೆ ನೋಟಿನ ಚೀಲದೊಳಗೇ ಹಾಕಿಕೊಂಡಳು. ಗಾರ್ಡ್ ಹುಬ್ಬೇರಿಸಿದ. ಅವಳಿಗೆ ಕಿವಿಯವರೆಗೂ ಬಿಸಿಯೇರಿತು. ಗಂಡ ಇದ್ದಿದ್ದರೆ ಇದನ್ನೇ ಹಿಡಿದು ವಾರಗಟ್ಟಲೆ ಆಡಿಕೊಳ್ಳುತ್ತಿದ್ದ. ಅವನೀಗ ಬಾಡಿಗೆ ಕೋಣೆಯಲ್ಲಿ ಎಡಗಣ್ಣಿಗೆ ಹತ್ತಿಯ ಪಟ್ಟಿ ಕಟ್ಟಿಸಿಕೊಂಡು ಗೋಡೆಗೆ ಮುಖ ಮಾಡಿ ಮಲಗಿದ್ದಾನೆ. ಗೋಡೆಗಳಿಗೆ ಬಣ್ಣ ಬಳಿಯುವವನಿಗೆ ಗೋಡೆಯೇ ಗತಿ ನೋಡೇ ಎಂದು ಬೆಳಗ್ಗೆಯೂ ನಗಿಸಲು ನೋಡಿದ್ದ. ಚಾವಣಿಗೆ ಸುಣ್ಣ ಹೊಡೆಯುವ ಕೆಲಸ ಬೇಡ, ಕತ್ತು ನೋಯುತ್ತದೆ ಎಂದು ಅವನು ಕೂತುಬಿಟ್ಟಿದ್ದ ದಿನ, ಕತ್ತು ನೋಯುತ್ತೆ ಅಂದರೆ ಮನೆ ಮಾಲೀಕ ಕತ್ತು ಹಿಡಿದು ಆಚೆ ಹಾಕುತ್ತಾನೆ, ಎದ್ದೇಳು ಎಂದು ತಳ್ಳಿ ಕಳಿಸಿದವಳು ಅವಳು. ಸಂಜೆ ಅವನನ್ನು ಇಬ್ಬರು ಹಿಡಿದುಕೊಂಡು ಬಂದರು. ಕಣ್ಣಿಂದ ಹಾಲಿನಂಥದ್ದು ಇಳಿಯುತ್ತಿತ್ತು. ಅವನು ಅವಳನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಆಪರೇಷನ್ನಿಗೆ ನಾಳೆ ಬೆಳಗ್ಗೆ ಜಾಗ ಕೊಟ್ಟಿದ್ದಾರೆ. ಹಣ ಇವತ್ತು ಬ್ಯಾಂಕು ಮುಚ್ಚುವುದರೊಳಗೆ ಆಸ್ಪತ್ರೆಯ ಖಾತೆಗೆ ಬೀಳಬೇಕು, ನಗದು ಮುಟ್ಟುವುದಿಲ್ಲ. ಬೀಳದಿದ್ದರೆ ಜಾಗ ಸಾಲಿನಲ್ಲಿ ಹಿಂದಿರುವವರಿಗೆ ಹೋಗುತ್ತದೆ. ಮತ್ತೆ ಯಾವಾಗ ಎಂದು ಕೇಳಿದ್ದಕ್ಕೆ ಆಸ್ಪತ್ರೆಯ ಹೆಂಗಸು, ಮತ್ತೆ ಅನ್ನೋದು ನಿಮ್ಮ ಕೈಲೂ ಇಲ್ಲ, ನಮ್ಮ ಕೈಲೂ ಇಲ್ಲ, ಆ ಕಣ್ಣಿನ ಕೈಲಿದೆ ಎಂದಿದ್ದಳು. ಅಕ್ಕನ ಗಂಡ ನಿನ್ನೆ ಒಳಂಗಿಗೆ ಹೊಲಿಸಿಕೊಂಡು ತಂದುಕೊಟ್ಟು ಹೋದ ಈ ಹಣ ಇಲ್ಲಿಯ ಲೆಕ್ಕಕ್ಕೆ ಬದಲಾದರೆ ಆಸ್ಪತ್ರೆಯವರು ಹೇಳಿದ ಮೊತ್ತಕ್ಕೆ ಸರಿಹೋಗಿ, ಮೇಲೆ ಬಸ್ಸಿಗಾಗುವಷ್ಟು ಉಳಿಯುತ್ತದೆ. ಅಷ್ಟೇ. ಅದರಾಚೆ ಅವಳಿಗೆ ಕೇಳಲು ಬೇರೆ ಅಕ್ಕ ಇರಲಿಲ್ಲ.

ಇರುವ ಅಕ್ಕನನ್ನಾದರೂ ಯಾವ ಮುಖ ಇಟ್ಟುಕೊಂಡು ಕೇಳಿದ್ದು? ಅಕ್ಕನದು ಹಿಟ್ಟಿನ ಗಿರಣಿ. ಅಪ್ಪ ಸತ್ತ ಮೇಲೆ ಗಿರಣಿಯ ಬೆಲ್ಟು ಅಕ್ಕನ ಕೈಗೆ ಬಂತು. ಅಂದಿನಿಂದ ಅಕ್ಕನ ರೆಪ್ಪೆ, ಹುಬ್ಬು, ಮುಂದಲೆ ಎಲ್ಲ ಬೆಳ್ಳಗಾಗಿ, ಇನ್ನೂ ಹರೆಯ ಕಳೆಯದವಳನ್ನು ಊರು 'ಅಜ್ಜಿ' ಎಂದೇ ಕರೆಯತೊಡಗಿತು. ಶಾಲೆಯಲ್ಲಿ ಇವಳು ಬೆಂಚು ಬಿಟ್ಟೆದ್ದರೆ ಬೆಂಚಿನ ಮೇಲೆ ಇವಳ ಅಚ್ಚು ಬಿಳಿಯಾಗಿ ಉಳಿಯುತ್ತಿತ್ತು, ಹುಡುಗಿಯರು ಅದರ ಮೇಲೆ ಬೆರಳಿಂದ ಬರೆದು ನಗುತ್ತಿದ್ದರು. ಧೂಳನ್ನು ಕಂಡರೆ ಆಗದ ರೋಗ ಹತ್ತಿದ್ದು ಆಗಲೇ ಇರಬೇಕು. ಗಿರಣಿ ಮಾರಿಬಿಡು, ಈ ಬೂದಿ ಬಳಿದುಕೊಂಡ ಬಾಳು ನನಗೆ ಬೇಡ ಎಂದು ಅಕ್ಕನ ಮುಖಕ್ಕೆ ಹೇಳಿ ದೇಶ ಬಿಟ್ಟವಳು ಇಲ್ಲಿಗೆ ಬಂದು ಹಿಡಿದದ್ದು ಪೊರಕೆ. ಗಿರಣಿಗೆ ಬರುವ ನೋಟುಗಳೆಲ್ಲ ಬೆವರು ಹತ್ತಿ ಒಂದಕ್ಕೊಂದು ಅಂಟುತ್ತವೆಂದು ಅಕ್ಕ ಪ್ರತಿ ಕಟ್ಟಿನೊಳಗೂ ಒಂದು ಚಿಟಿಕೆ ಹಿಟ್ಟು ಉದುರಿಸಿ ಡಬ್ಬಿಯಲ್ಲಿಡುತ್ತಿದ್ದಳು. ಅಪ್ಪನೂ ಹಾಗೇ ಮಾಡುತ್ತಿದ್ದ. ನಿನ್ನೆ ಚೀಲ ಬಿಚ್ಚಿದಾಗ ಅದೇ ವಾಸನೆ, ಬಿಸಿ ಕಲ್ಲಿನದು, ಗೋಧಿಯದು. ಊರಿನ ಧೂಳನ್ನೆಲ್ಲ ಕೊಡವುವವಳು ಆ ಹಿಟ್ಟನ್ನು ಮಾತ್ರ ಕೊಡವಲಿಲ್ಲ. ಯಾಕೆಂದು ಅವಳು ತನ್ನನ್ನು ಕೇಳಿಕೊಳ್ಳಲೂ ಇಲ್ಲ. ಹಿಟ್ಟಿಲ್ಲದ ನೋಟು ಅವರ ಮನೆಯಲ್ಲಿ ಕದ್ದ ನೋಟಿನ ಹಾಗೆ ಕಾಣುತ್ತಿತ್ತು.

ಅವಳ ಟೋಕನ್ ಕೂಗಿದರು.

ಕೌಂಟರಿನ ಹುಡುಗಿ ತೀರ ಎಳೆಯವಳು. ಉಗುರಿಗೆ ಹಚ್ಚಿದ ಬಣ್ಣ ಅಲ್ಲಲ್ಲಿ ಎದ್ದುಹೋಗಿತ್ತು. ಸಂಬಳದ ಖಾತೆ ಇದೇ ಶಾಖೆಯಲ್ಲಿದ್ದುದರಿಂದ ಕಂಪ್ಯೂಟರಿನಲ್ಲಿ ಹೆಸರು ಸಿಕ್ಕಿತು. ಸಹಿ ಮಾತ್ರ ಹೊಂದಲಿಲ್ಲ.

"ಇನ್ನೊಂದ್ ಸಲ ಹಾಕಿ ಮೇಡಂ. ಕೈ ನಡುಗಿಸ್ಬೇಡಿ."

ಇನ್ನೊಂದು ಸಲ ಹಾಕಿದಳು. ಅದು ಮೊದಲಿನದಕ್ಕೂ ಹೊಂದಲಿಲ್ಲ, ಕಂಪ್ಯೂಟರಿನದಕ್ಕೂ ಹೊಂದಲಿಲ್ಲ. ಕಂಟ್ರಾಕ್ಟರು ಎಲ್ಲ ಕ್ಲೀನರುಗಳನ್ನೂ ಸಾಲಾಗಿ ನಿಲ್ಲಿಸಿ ಖಾತೆ ತೆರೆಸಿದ ದಿನ ಅವಸರದಲ್ಲಿ ಗೀಚಿದ ಸಹಿ ಅದು. ಇವತ್ತು ಅವಳು ಮರ್ಯಾದೆಯಿಂದ, ಅಕ್ಷರ ಅಕ್ಷರವನ್ನೂ ದುಂಡಗೆ ಬರೆಯುತ್ತಿದ್ದಳು. "ಇರ್ಲಿ, ಆಮೇಲೆ ನೋಡೋಣ" ಎಂದು ಹುಡುಗಿ ಬೇರೊಂದು ಹಾಳೆ ತೆಗೆದಳು.

"ಈ ಹಣ ಯಾರು ಕೊಟ್ಟಿದ್ದು?"

"ನಮ್ಮಕ್ಕ."

"ಅವರಿಗೆ ಎಲ್ಲಿಂದ ಬಂತು?"

"ಹಿಟ್ಟು ಬೀಸಿ."

"ಬೀಸಿದ್ದಕ್ಕೆ ಯಾರು ಕೊಟ್ರು?"

"ಬೀಸಿಸ್ಕೊಂಡೋರು."

"ಅದೇ, ಯಾರು? ಹೆಸರು ಬೇಕು. ಇಲ್ಲಿ ಜಾಗ ಇದೆ ನೋಡಿ, ಹಣದ ಮೂಲದ ಮೂಲ ಅಂತ."

"ಊರಿಗೆ ಊರೇ ಬೀಸಿಸ್ಕೊಳ್ಳುತ್ತಮ್ಮಾ. ಯಾರ ಹೆಸರು ಅಂತ ಹೇಳ್ಲಿ?"

"ಊರಿನ ಹೆಸರು ಹಾಕಿದ್ರೆ ಕಂಪ್ಯೂಟರ್ ತಗೊಳಲ್ಲ. ಮನುಷ್ಯರ ಹೆಸರೇ ಆಗ್ಬೇಕು. ಯಾರಾದ್ರೂ ಒಬ್ಬರದು. ಅವರೆಲ್ಲ ಯಾಕೆ ಕೊಟ್ರು, ಅದಾದ್ರೂ ಹೇಳಿ."

"ಯಾಕೆ ಅಂದ್ರೆ? ಹಸಿವು."

ಹುಡುಗಿಯ ಬೆರಳುಗಳು ಟಕಟಕನೆ ಓಡಿ ನಿಂತವು. "ಹಸಿವು... ಇದು ಅವರ ಹೆಸರಾ, ಮನೆತನದ ಹೆಸರಾ?"

ಇವಳು ಗಾಜಿನಾಚೆಗಿನ ಆ ಮುಖವನ್ನು ನೋಡಿದಳು. ಕುಚೋದ್ಯವಿರಲಿಲ್ಲ ಅದರಲ್ಲಿ. "ಮನೆತನದ್ದೇ" ಎಂದಳು.

ಕಂಪ್ಯೂಟರು ತೆಗೆದುಕೊಂಡಿತು. ಹುಡುಗಿ ಗೆದ್ದವಳಂತೆ ನಕ್ಕು, ಕಟ್ಟುಗಳನ್ನೆಲ್ಲ ಒಳಗೆ ತೆಗೆದುಕೊಂಡು, ಮೊದಲ ಕಟ್ಟಿನ ರಬ್ಬರು ಬಿಚ್ಚಿ, ನೋಟುಗಳನ್ನು ಎಣಿಸುವ ಯಂತ್ರದ ಬಾಯಿಗಿಟ್ಟು ಗುಂಡಿ ಒತ್ತಿದಳು. ಯಂತ್ರ ಭರ್ರೆಂದಿತು. ಆಮೇಲೆ ಒಂದು ಸಲ ಕೆಮ್ಮಿತು. ಅದರ ಹೊಟ್ಟೆಯಿಂದ ಬಿಳಿಯ ಮೋಡವೊಂದು ಎದ್ದು, ಹುಡುಗಿಯ ಮುಖ, ಕೂದಲು, ಕಂಪ್ಯೂಟರು, ಸ್ಟೇಪ್ಲರು, ನಗುತ್ತಿರುವ ಯಾವುದೋ ಮಗುವಿನ ಫೋಟೋ ಎಲ್ಲದರ ಮೇಲೂ ನಿಧಾನವಾಗಿ, ಎಲ್ಲಿಯೂ ಅವಸರವಿಲ್ಲದೆ, ಇಳಿಯಿತು. ರೆಪ್ಪೆ ಬೆಳ್ಳಗಾದ ಆ ಹುಡುಗಿ ಗಾಜಿನಾಚೆ ಒಂದು ಕ್ಷಣ ಥೇಟ್ ಅಕ್ಕನೇ ಆಗಿ ಕಂಡಳು. ಅಷ್ಟರಲ್ಲಿ ಅಕ್ಕ ಕಿಟಾರನೆ ಕಿರುಚಿಕೊಂಡಳು.

"ಪುಡಿ! ಬಿಳೀ ಪುಡಿ!"

ಆಮೇಲೆ ನಡೆದದ್ದು ಬಹಳ ಶಿಸ್ತಾಗಿ ನಡೆಯಿತು, ಇಂಥದ್ದೊಂದು ದಿನಕ್ಕಾಗಿಯೇ ಎಲ್ಲರೂ ಕಾದು ಕೂತಿದ್ದವರಂತೆ. ಗಾರ್ಡ್ ಉಳಿದ ಗ್ರಾಹಕರನ್ನು ಹೊರಗೆ ದಬ್ಬಿದ. ಎಲ್ಲಿಂದಲೋ ಹಳದಿ ಟೇಪು ಬಂತು. ಕೌಂಟರಿನ ಸುತ್ತ ಒಂದು ಸುತ್ತು, ಇವಳನ್ನು ಕೂರಿಸಿದ ಕುರ್ಚಿಯ ಸುತ್ತ ಎರಡು ಸುತ್ತು. ಮ್ಯಾನೇಜರು ತನ್ನ ಕೋಣೆಯಿಂದ ಕರವಸ್ತ್ರವನ್ನು ಮೂಗಿಗೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ನಿಯಮಗಳ ದಪ್ಪ ಪುಸ್ತಕ ಹಿಡಿದುಕೊಂಡು ಬಂದ. ಆ ಪುಸ್ತಕದ ಬೆನ್ನಿನ ಧೂಳನ್ನು ಅವಳು ದಿನಾ ಹೊಡೆಯುತ್ತಿದ್ದಳು. ಅದು ತೆರೆದುಕೊಳ್ಳುವ ವಸ್ತುವೆಂದು ಗೊತ್ತಿರಲಿಲ್ಲ.

"ಏನಿದು ಪುಡಿ?" ಎಂದು ಮೂರು ಕುರ್ಚಿಯಾಚೆಯಿಂದ ಕೇಳಿದ.

"ಹಿಟ್ಟು ಸಾರ್. ಗೋಧಿ ಹಿಟ್ಟು."

"ಹಾಗಂತ ಎಲ್ಲರೂ ಹೇಳ್ತಾರೆ."

"ಯಾರು ಸಾರ್ ಎಲ್ಲರೂ?"

ಮ್ಯಾನೇಜರು ಪುಟ ತಿರುವಿದ. ಅವಳು ಚೀಲದ ಅಂಚಿಗೆ ಬೆರಳು ಒತ್ತಿ, ಹತ್ತಿದ ಬಿಳುಪನ್ನು ಬಾಯಿಗಿಟ್ಟುಕೊಳ್ಳಲು ಹೋದಳು. ತಿಂದು ತೋರಿಸಿದರೆ ಮುಗಿಯಿತಲ್ಲ.

"ತಿನ್ಬೇಡಿ ಮೇಡಂ!" ಮ್ಯಾನೇಜರು ಕೂಗಿದ. "ಅದು ಸಾಕ್ಷಿ!"

ಬೆರಳು ಬಾಯಿಯ ಹತ್ತಿರವೇ ನಿಂತಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗಾದೆ ನೆನಪಾಯಿತು. ಆದರೆ ತನ್ನ ಹೆಗಲ ಮೇಲೆ ನಿಜವಾಗಿಯೂ ಬಿಳಿ ಇತ್ತು. ಹುಟ್ಟಿದಾಗಿನಿಂದ ಇತ್ತು. ಅವಳಿಗೆ ಇದ್ದಕ್ಕಿದ್ದಂತೆ ತಾನು ಹೇಳುತ್ತಿರುವುದು ಸುಳ್ಳಿರಬಹುದೇ ಎನ್ನಿಸಿತು. ಹಿಟ್ಟು ಎಂದು ತಿಳಿದಿದ್ದೇನೆ, ಅಕ್ಕನೂ ಹಾಗೇ ತಿಳಿದಿದ್ದಾಳೆ. ಸುಣ್ಣವನ್ನೂ ಸುಣ್ಣ ಅಷ್ಟೇ ಎಂದು ತಿಳಿದೇ ತಾನೇ ಗಂಡನನ್ನು ಕಳಿಸಿದ್ದು?

ಮ್ಯಾನೇಜರು ಹೆಡ್ ಆಫೀಸಿಗೆ ಫೋನು ಮಾಡಿದ. ಹೆಡ್ ಆಫೀಸು ಪುಸ್ತಕ ನೋಡಿ ಎಂದಿತು, ಪುಸ್ತಕ ಹೆಡ್ ಆಫೀಸನ್ನು ಕೇಳಿ ಎಂದಿತ್ತು. ಕೊನೆಗೆ ತೀರ್ಮಾನ ಬಂತು. ಪುಡಿ ಮೈಮೇಲೆ ಬಿದ್ದವರು ಅರ್ಧ ಗಂಟೆಯೊಳಗೆ ಕುಸಿದು ಬಿದ್ದರೆ ಪೊಲೀಸರಿಗೆ ಹೇಳಬೇಕು; ಬೀಳದಿದ್ದರೆ ಅದು 'ನಿರುಪದ್ರವಿ ಧೂಳು', ಕ್ಲೀನಿಂಗ್ ಕಂಟ್ರಾಕ್ಟರಿನ ಕಡೆಯವರಿಂದ ಒರೆಸಿಸಿ, ಶುಚಿ ಮಾಡಿದ್ದಕ್ಕೆ ಸಹಿ ಪಡೆದು, ಕೆಲಸ ಮುಂದುವರಿಸಬಹುದು. ಹೀಗಾಗಿ ಎಲ್ಲರೂ ಹುಡುಗಿಯನ್ನು ನೋಡುತ್ತ ಕೂತರು. ಹುಡುಗಿ ಇಷ್ಟು ಜನ ತನ್ನನ್ನು ಒಟ್ಟಿಗೆ ನೋಡಿದ್ದೇ ಮೊದಲೆಂಬಂತೆ ನಾಚಿಕೊಂಡಳು. "ತಲೆ ಸುತ್ತುತ್ತಾ ಇದೆಯಾ?" ಎಂದ ಮ್ಯಾನೇಜರು. "ಸುತ್ತಿದ ಹಾಗಿದೆ ಸಾರ್" ಎಂದಳು ಹುಡುಗಿ. "ಸರಿಯಾಗಿ ಹೇಳು, ಇದೆಯೋ ಇಲ್ವೋ?" "ನೀವು ಕೇಳಿದಾಗ ಇರುತ್ತೆ ಸಾರ್." ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಗೋಡೆಯ ಗಡಿಯಾರದ ಮುಳ್ಳು ಸರಿಯುವುದು ಟೇಪಿನೊಳಗಿನಿಂದ ಸ್ಪಷ್ಟವಾಗಿ ಕಾಣುತ್ತಿತ್ತು. ಬೀಳಬೇಡ ನನ್ನವ್ವಾ ಎಂದು ಇವಳು ಆ ಅಪರಿಚಿತ ಹುಡುಗಿಗಾಗಿ ಮನಸ್ಸಿನಲ್ಲೇ ಬೇಡಿಕೊಂಡಳು. ಹುಡುಗಿ ಬೀಳಲಿಲ್ಲ. ಸೀನಿದಳು.

ಫೋನು ನಡುಗಿತು. ಗಂಡ.

"ಏನಾಯ್ತೇ? ಕಟ್ಟಿದ್ಯಾ?"

"ಕಟ್ತಾ ಇದೀನಿ. ಸ್ವಲ್ಪ ಜನ ಇದಾರೆ."

"ದನಿ ಯಾಕೆ ಹಂಗಿದೆ? ಬೈದ್ರಾ ಯಾರಾದ್ರೂ?"

"ನನ್ನ ಮೇಡಂ ಅಂತಿದಾರೆ ಇಲ್ಲಿ."

"ಅಯ್ಯಯ್ಯೋ" ಎಂದ ಅವನು, "ಹಂಗಾದ್ರೆ ಏನೋ ಕಿತ್ಕೋತಾರೆ, ಹುಷಾರು."

ಅವನದು ಇಟ್ಟ ಕೂಡಲೇ ಮತ್ತೆ ನಡುಗಿತು. ಈ ಸಲ ಕಂಟ್ರಾಕ್ಟರಿನ ಸೂಪರ್‌ವೈಜರ್. ಅವನು ಯಾವತ್ತೂ ಹಲೋ ಎಂದವನಲ್ಲ.

"ಎಲ್ಲಿ ಸತ್ತಿದೀಯಾ?"

"ಬ್ಯಾಂಕಲ್ಲಿ ಸಾರ್."

"ಒಳ್ಳೇದೇ ಆಯ್ತು! ಅಲ್ಲಿ ಯಾವಳೋ ಪುಡಿ ಚೆಲ್ಲಿದಾಳಂತೆ. ಹತ್ತು ನಿಮಿಷದಲ್ಲಿ ಒರೆಸಿ ಸಹಿ ಹಾಕಿ ಕೊಡು. ಮಾಸ್ಕ್ ಹಾಕ್ಕೋ, ರೂಲ್ಸ್ ಇದೆ. ಸಾಯ್ಬೇಡ, ನಾಳೆ ಬೇರೆ ಜನ ಇಲ್ಲ."

ಅವಳು ಬ್ಯಾಂಕಿನಲ್ಲಿ ಹಗಲುಹೊತ್ತು ಏನು ಮಾಡುತ್ತಿದ್ದಾಳೆಂದು ಅವನು ಕೇಳಲಿಲ್ಲ. ಅವಳು ಫೋನನ್ನು ಮಡಿಲಲ್ಲಿಟ್ಟುಕೊಂಡು ಮ್ಯಾನೇಜರನ್ನು ಕರೆದಳು. "ಸಾರ್, ಆ ಕ್ಲೀನರು ನಾನೇ."

"ಮೇಡಂ, ದಯವಿಟ್ಟು" ಎಂದ ಮ್ಯಾನೇಜರು, ಸಾಕುನಾಯಿಗೆ ಹೇಳುವ ತಾಳ್ಮೆಯಲ್ಲಿ. "ನೀವು ಗ್ರಾಹಕರು. ಗ್ರಾಹಕರು ಟೇಪು ದಾಟೋ ಹಾಗಿಲ್ಲ. ಕ್ಲೀನರು ಹಿಂಬಾಗಿಲಿಂದ ಬರ್ತಾಳೆ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಜೊತೆ ಏನು ಮಾತು. ಅವಳು ಕಿರುಬೆರಳೆತ್ತಿ ಗಾರ್ಡಿಗೆ ತೋರಿಸಿದಳು. ಅದಕ್ಕೆ ಪುಸ್ತಕದಲ್ಲಿ ಅಡ್ಡಿಯಿರಲಿಲ್ಲವೋ ಏನೋ, ಅವನು ಟೇಪನ್ನೆತ್ತಿ ಬಿಟ್ಟ. ಟಾಯ್ಲೆಟ್ಟಿನ ಪಕ್ಕದ ಪೊರಕೆ ಕೋಣೆಯಲ್ಲಿ ನೀಲಿ ಕೋಟು ಮೊಳೆಗೆ ನೇತುಬಿದ್ದಿತ್ತು. ಒಳ್ಳೆಯ ಬಟ್ಟೆಯ ಮೇಲೆಯೇ ತೊಟ್ಟಳು. ಮಾಸ್ಕು, ಟೋಪಿ, ಕೈಗವಸು. ಬಕೆಟ್ಟಿನ ಹಿಡಿಕೆ ಹಿಡಿದದ್ದೇ ಮುಂದೇನೆಂಬುದು ಕೈಗೆ ತಾನಾಗಿ ಗೊತ್ತಾಯಿತು. ಅವಳಿಗೆ ಅದು ಸಮಾಧಾನವೂ ಆಯಿತು, ಅವಮಾನವೂ ಆಯಿತು.

ಹೊರಗೆ ಬಂದಾಗ ಗಾರ್ಡ್ ಟೇಪಿನೊಳಗಿನ ಖಾಲಿ ಕುರ್ಚಿಯನ್ನು ಕಾಯುತ್ತ ನಿಂತಿದ್ದ. ಅವಳ ಕಡೆ ಕಣ್ಣೂ ಹಾಯಿಸಲಿಲ್ಲ.

"ಬಂದ್ಯಾ? ಎಷ್ಟ್ ಹೊತ್ತು!" ಎಂದ ಮ್ಯಾನೇಜರು. "ಇಲ್ಲಿಂದ ಶುರು ಮಾಡು. ಮೊದಲು ಮಷೀನು. ಆಮೇಲೆ ನೋಟುಗಳು, ಒಂದೊಂದೂ. ಕದೀಬೇಡ, ಕ್ಯಾಮೆರಾ ಇದೆ."

ಅವಳು ಟೇಪು ದಾಟಿದಳು. ಅದೇ ಟೇಪು. ಗಾಜಿನ ಆಚೆಯ ಕಡೆ ಈಗ ಈಚೆಯ ಕಡೆಯಾಗಿತ್ತು. ಒಣಬಟ್ಟೆ ತೆಗೆದುಕೊಂಡು ಯಂತ್ರದ ಹಲ್ಲುಗಳನ್ನು ಒರೆಸಿದಳು, ಮಗುವಿನ ಫೋಟೋ ಒರೆಸಿದಳು, ಆಮೇಲೆ ನೋಟುಗಳ ಎದುರು ಕೂತಳು. ಒಂದನ್ನೆತ್ತಿ ಬಟ್ಟೆಯಾಡಿಸಿದಾಗ ಮಡಿಕೆಯಲ್ಲಿದ್ದ ಹಿಟ್ಟು ನುಣ್ಣಗೆ ಉದುರಿತು. ಗಿರಣಿಯ ಬಾಗಿಲಲ್ಲಿ ಅಕ್ಕ ಸಂಜೆ ಮುಖ ತೊಳೆಯುವಾಗ ಹೀಗೇ, ಮೊದಲು ಒಣಬಟ್ಟೆಯಲ್ಲಿ ಒರೆಸಿಕೊಳ್ಳುತ್ತಿದ್ದಳು, ನೀರು ಹಾಕಿದರೆ ಹಿಟ್ಟು ಕಲಸಿದ ಹಾಗಾಗುತ್ತದೆಂದು. ಬೆನ್ನ ಕಡೆಯದನ್ನು ಒರೆಸೇ ಎಂದು ಕೇಳಿದರೆ ಇವಳು ಮೂಗು ಮುರಿದು ಆಚೆ ಹೋಗುತ್ತಿದ್ದಳು. ಈಗ ಒರೆಸುತ್ತಿದ್ದೇನೆ, ಅವಳ ಕೂಲಿಯನ್ನು ಒಂದೊಂದಾಗಿ, ಬೇರೆಯವರ ಅಪ್ಪಣೆಯ ಮೇಲೆ, ಅದು ಕೊಳೆಯೆಂದು ಒಪ್ಪಿಕೊಂಡು. ಮಾಸ್ಕಿನೊಳಗೆ ಉಸಿರು ಬಿಸಿಯಾಗಿ ಮೇಲಕ್ಕೆ ಕಣ್ಣಿಗೆ ಹತ್ತುತ್ತಿತ್ತು.

ಮ್ಯಾನೇಜರು ಬೇಸರ ಕಳೆಯಲು ಹತ್ತಿರ ಬಂದು ನಿಂತ. ಕ್ಲೀನರ ಮುಂದೆ ಕರವಸ್ತ್ರ ಬೇಕಿರಲಿಲ್ಲ. "ಎಲ್ಲಿಂದ ಬರ್ತಾರೋ ಇಂಥೋರು" ಎಂದ. "ದುಡ್ಡನ್ನ ಹಿಟ್ಟಲ್ಲಿ ಹೊರಳಿಸಿ ತರ್ತಾರೆ. ಒಂದು ಚೂರಾದ್ರೂ ಶುಚಿ ಅನ್ನೋದು ಬೇಡ್ವಾ? ಅಲ್ವಾ?"

"ಹೌದು ಸಾರ್" ಎಂದಳು ಅವಳು.

ಅಂದ ಮೇಲೆ ಆ ಮಾತು ಕಿವಿಗೆ ಬಿತ್ತು. ಯಾರೂ ಅವಳನ್ನು ಹೆದರಿಸಿರಲಿಲ್ಲ. ಸುಮ್ಮನಿರಬಹುದಿತ್ತು. ಬಟ್ಟೆ ಆಡಿಸುವ ಕೈ ಹೇಗೆ ತಾನಾಗಿ ಆಡುತ್ತದೋ ನಾಲಿಗೆಯೂ ಹಾಗೇ ಆಡಿತ್ತು, ಎಷ್ಟೋ ವರ್ಷದ ಅಭ್ಯಾಸ. ಅಕ್ಕನ ಮುಖಕ್ಕೆ ಹೇಳಿದ್ದನ್ನೇ ಈಗ ಅಕ್ಕನ ಬೆನ್ನ ಹಿಂದೆಯೂ ಹೇಳಿದಂತಾಯಿತು. ಉಳಿದ ನೋಟುಗಳನ್ನು ಅವಳು ತಲೆ ಎತ್ತದೆ ಒರೆಸಿದಳು. ಹುಡುಗಿ ಒಂದು ಹಾಳೆ ಚಾಚಿದಳು, ಮೇಲ್ಕಂಡ ಜಾಗವನ್ನೂ ವಸ್ತುಗಳನ್ನೂ ಶುಚಿಗೊಳಿಸಲಾಗಿದೆ ಎಂದು. ನಿಂತಲ್ಲೇ, ಗೋಡೆಗಿಟ್ಟು, ಒಂದೇ ಎಳೆತಕ್ಕೆ ಸಹಿ ಗೀಚಿದಳು. ಯಾರೂ ಅದನ್ನು ಯಾವುದಕ್ಕೂ ಹೋಲಿಸಿ ನೋಡಲಿಲ್ಲ. ಹೆಸರನ್ನೂ ಕೇಳಲಿಲ್ಲ.

ಕೋಟು ಮೊಳೆಗೆ ಹಾಕಿ, ಕೈ ತೊಳೆದು, ಬಂದು ಮತ್ತೆ ಮೇಡಂ ಆದಳು. ಗಾರ್ಡ್ "ಇಷ್ಟ್ ಹೊತ್ತಾ!" ಎಂದು ಟೇಪು ಬಿಚ್ಚಿದ. ಯಂತ್ರ ಈ ಸಲ ಕೆಮ್ಮಲಿಲ್ಲ. ಹಣ ಎಣಿಕೆಯಾಗಿ, ಬದಲಾಗಿ, ಕಟ್ಟುಗಳು ಹಿಂದಿನ ತಿಜೋರಿಗೆ ಹೋದವು. ಮುಚ್ಚುವ ಹೊತ್ತಿಗೆ ಇನ್ನೂ ಸ್ವಲ್ಪ ಸಮಯವಿತ್ತು. ಸಹಿಯ ವಿಷಯವನ್ನು ಹುಡುಗಿ ಸುಸ್ತಿನಲ್ಲಿ ಮರೆತಿದ್ದಳು. ಅವಳು ಕೊಟ್ಟ ಚೀಟಿಯನ್ನು ಇವಳು ತೆಗೆದುಕೊಂಡು, ಕೊನೆಯ ಸಾಲಿಗೆ ಬಂದು, ಮತ್ತೆ ಮೇಲಿನಿಂದ ಓದಿದಳು.

"ಇದೇನಮ್ಮಾ, ಕಮ್ಮಿ ಇದೆ?"

"ಅದು ಶುಚಿ ಶುಲ್ಕ ಮೇಡಂ. ವಿಶೇಷ ಶುಚಿ. ನಿಮ್ಮ ವಸ್ತುವಿಂದ ಧೂಳು ಆದದ್ದಲ್ವಾ? ನಿಮ್ಮಿಂದಲೇ ಹಿಡ್ಕೋಬೇಕು."

"ಇಷ್ಟಾ?"

"ಕಂಟ್ರಾಕ್ಟರ್ ಹಾಕೋ ರೇಟು ಮೇಡಂ. ಅಪಾಯದ ಕೆಲಸ ಅಂತ."

ಅವಳ ತಿಂಗಳ ಸಂಬಳ ಅಷ್ಟಿರಲಿಲ್ಲ. ಆಸ್ಪತ್ರೆಯ ಮೊತ್ತಕ್ಕೆ ಎಷ್ಟು ಕಡಿಮೆ ಬೀಳುತ್ತದೆಂದು ಲೆಕ್ಕ ಹಾಕುವುದೇ ಬೇಕಿರಲಿಲ್ಲ. ಕಡಿಮೆ ಎಂದರೆ ಕಡಿಮೆ, ಕಣ್ಣಿಗೆ ಮುಕ್ಕಾಲು ಆಪರೇಷನ್ ಮಾಡುವುದಿಲ್ಲ. ಅವಳು ಬೇಡಿಕೊಂಡಳು. ಮ್ಯಾನೇಜರು ಬಂದ. ಗಂಡನ ಕಣ್ಣಿನ ವಿಷಯ ಹೇಳಿದಳು. ಮ್ಯಾನೇಜರು ನಿಜವಾಗಿಯೂ ನೊಂದುಕೊಂಡ, ತನ್ನ ಮಾವನಿಗೂ ಕಣ್ಣಿನ ತೊಂದರೆಯಿದೆ ಎಂದ. "ಆದರೆ ಮೇಡಂ, ಕೆಲಸ ಆಗಿದೆ. ಒಬ್ಬಳು ಬಡವಿ ಬಂದು ಒರೆಸಿ ಸಹಿ ಹಾಕಿ ಹೋಗಿದಾಳೆ. ಅವಳ ಹೊಟ್ಟೆ ಮೇಲೆ ಹೊಡೆಯೋಕಾಗುತ್ತಾ?"

ಅವಳು ಅವನನ್ನೇ ನೋಡಿದಳು. "ಆ ಸಹಿ ಎಲ್ಲಿ, ತೋರಿಸಿ" ಎಂದಳು.

ಹುಡುಗಿ ಹಾಳೆಯನ್ನು ಗಾಜಿನ ಕಿಂಡಿಯಲ್ಲಿ ತಳ್ಳಿದಳು. ಇವಳು ದಾರದಲ್ಲಿ ಕಟ್ಟಿದ್ದ ಪೆನ್ನು ತೆಗೆದು ಸಹಿಯ ಮೇಲೆ ಒಂದು ಗೀಟು ಎಳೆದಳು, ಅದರ ಮೇಲೆ ಅಡ್ಡಕ್ಕೆ ಇನ್ನೊಂದು.

"ಏನ್ರೀ ಮಾಡ್ತಿದೀರಾ! ಬೇರೆಯವರ ಸಹಿ ಅದು!"

"ನಂದೇ. ವಾಪಸ್ ತಗೊಂಡೆ. ನಾನು ಒರೆಸಿಲ್ಲ."

ಕೋಟಿನ ಜೊತೆ ಬಿಚ್ಚಿಡಲು ಮರೆತ ಮಾಸ್ಕು ಅವಳ ಗದ್ದದ ಕೆಳಗೇ ಜೋತುಬಿದ್ದಿತ್ತು. ಮೂಗಿಗೇರಿಸಿಕೊಂಡಳು. ಮ್ಯಾನೇಜರು ಒಂದು ಹೆಜ್ಜೆ ಹಿಂದೆ ಸರಿದ, ಹಿಟ್ಟಿಗೆ ಸರಿದದ್ದಕ್ಕಿಂತ ದೂರ. ಹುಡುಗಿ ಕಂಪ್ಯೂಟರಿನಲ್ಲಿ ಖಾತೆಯ ಸಹಿ ತೆಗೆದು ಹಾಳೆಯನ್ನು ಅದರ ಪಕ್ಕಕ್ಕೆ ಹಿಡಿದಳು. "ಸಾರ್" ಎಂದಳು, ದನಿ ಸಣ್ಣಗಾಗಿತ್ತು, "ಕರೆಕ್ಟಾಗಿ ಹೊಂದುತ್ತೆ. ಕೂದಲೆಳೆ ವ್ಯತ್ಯಾಸ ಇಲ್ಲ."

"ಒರೆಸಿದ್ದನ್ನ ನಾನೇ ಕಣ್ಣಾರೆ ನೋಡಿದೀನಿ!"

"ಯಾರನ್ನ ನೋಡಿದ್ರಿ ಸಾರ್? ನಾನು ಕ್ಲೀನರು ಅಂದಾಗ ನೀವೇ ಅಂದ್ರಲ್ಲ, ಗ್ರಾಹಕರು ಟೇಪು ದಾಟೋ ಹಾಗಿಲ್ಲ ಅಂತ. ನಾನು ಕುರ್ಚೀಲೇ ಇದ್ದೆ. ಗಾರ್ಡನ್ನ ಕೇಳಿ, ಕಾಯ್ತಾ ಇದ್ರು."

ಗಾರ್ಡ್ ತನ್ನ ಬೂಟುಗಳನ್ನು ನೋಡಿಕೊಂಡ.

ಮ್ಯಾನೇಜರಿನ ಮುಖದಲ್ಲಿ ಪುಸ್ತಕದ ಪುಟಗಳು ಮಗುಚಿಕೊಳ್ಳುವುದು ಕಾಣುತ್ತಿತ್ತು. ಸಹಿಯಿಲ್ಲ ಎಂದರೆ ಒರೆಸಿಲ್ಲ. ಒರೆಸಿಲ್ಲ ಎಂದರೆ ನೋಟುಗಳು ಇನ್ನೂ ಧೂಳು. ಧೂಳು ತಿಜೋರಿಗೆ ಹೋಗಿ ಬ್ಯಾಂಕಿನ ಹಣದ ಜೊತೆ ಸೇರಿದೆ. ಅಂದರೆ ತಿಜೋರಿಗೆ ಟೇಪು, ಶಾಖೆಗೆ ಟೇಪು, ತನ್ನ ಕುರ್ಚಿಗೂ ಎರಡು ಸುತ್ತು. ಅವನು ಸೂಪರ್‌ವೈಜರನಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿದ.

"ಏನೇ ಅಲ್ಲಿ ನಿಂದು ನಾಟಕ?" ಎಂದಿತು ಫೋನು. "ಸಹಿ ಹಾಕು. ಇಲ್ಲಾಂದ್ರೆ ನಾಳೆಯಿಂದ ಬರ್ಬೇಡ."

"ನಾಳೆಯಿಂದ ತಾನೇ ಸಾರ್? ಇದು ಇವತ್ತಿನ ಸಹಿ."

"ಬಾಯಿ ಬಂದಿದೆಯಾ ನಿಂಗೆ?"

"ಮೊದಲಿಂದ ಇತ್ತು ಸಾರ್. ಮಾಸ್ಕ್ ಹಾಕ್ಕೊಂಡಿದ್ದೆ."

ಮ್ಯಾನೇಜರು ಫೋನು ಕಡಿದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಗಡಿಯಾರ ನೋಡಿದ, ಪುಸ್ತಕ ನೋಡಿದ, ಆಮೇಲೆ ಆ ಹಾಳೆಯನ್ನು ನಾಲ್ಕಾಗಿ ಹರಿದು ಹುಡುಗಿಗೆ ಬೇರೊಂದು ಟೈಪು ಮಾಡಲು ಹೇಳಿದ. ಈ ದಿನ ಈ ಶಾಖೆಯಲ್ಲಿ ಯಾವುದೇ ಧೂಳು ಕಂಡುಬಂದಿಲ್ಲ, ಆದ್ದರಿಂದ ಶುಚಿ ಮಾಡಲಾಗಿಲ್ಲ, ಆದ್ದರಿಂದ ಶುಲ್ಕವಿಲ್ಲ, ಏನೂ ನಡೆದಿಲ್ಲ. ಕೆಳಗೆ ಗ್ರಾಹಕರ ಸಹಿ. ಸೀನುತ್ತಲೇ ಟೈಪು ಮಾಡಿದಳು ಹುಡುಗಿ. ಅವಳ ಕಿವಿಯ ಹಿಂದೆ ಇನ್ನೂ ಬೆಳ್ಳಗಿತ್ತು.

"ನೀವು ಎಲ್ಲೂ ಏನೂ ಹೇಳೋ ಹಾಗಿಲ್ಲ" ಎಂದ ಮ್ಯಾನೇಜರು. "ಏನೂ ನಡೆದಿಲ್ಲ."

"ಒಂದು ಪ್ರತಿ ನಂಗೂ ಬೇಕು. ಸೀಲು ಹಾಕಿ."

ಪೂರ್ತಿ ಮೊತ್ತ ಆಸ್ಪತ್ರೆಯ ಖಾತೆಗೆ ಬಿತ್ತು. ಆಸ್ಪತ್ರೆಯಿಂದ ಫೋನಿಗೆ ಸಂದೇಶ ಬರುವವರೆಗೂ ಅವಳು ಕೌಂಟರು ಬಿಟ್ಟು ಕದಲಲಿಲ್ಲ. ಅದರ ಹಿಂದೆಯೇ ಸೂಪರ್‌ವೈಜರನದೂ ಬಂತು: ಕೋಟು, ಕೀ ಎರಡನ್ನೂ ಗಾರ್ಡ್ ಕೈಗೆ ಕೊಟ್ಟು ಹೋಗು.

ಬೀದಿಗೆ ಬಂದು ಬಸ್ಸಿನ ಕಂಬಕ್ಕೊರಗಿ ಗಂಡನಿಗೆ 'ಆಯ್ತು, ನಾಳೆ ಬೆಳಗ್ಗೆ ಏನೂ ತಿನ್ಬೇಡ ಅಂದಿದಾರೆ' ಎಂದು ಹೇಳಿದಳು.

"ನಾಳೆ ನೀನು ಕೆಲಸಕ್ಕೆ ಹೋದ್ರೆ ನನ್ನ ಜೊತೆ ಯಾರಿರ್ತಾರೆ?"

"ನಾನೇ ಇರ್ತೀನಿ. ನಾಡಿದ್ದೂ ಇರ್ತೀನಿ."

"ರಜಾ ಕೊಟ್ರಾ? ಇಲ್ಲಾ ಕೆಲಸ ಹೋಯ್ತಾ?"

"ಹೋಯ್ತು."

"ಏನೇ ಮಾಡ್ದೆ? ಜಗಳ ಆಡಿದ್ಯಾ?"

"ಇಲ್ಲಪ್ಪಾ. ಏನೂ ನಡೆದಿಲ್ಲ. ಸೀಲು ಹಾಕಿ ಬರ್ಕೊಟ್ಟಿದಾರೆ, ಮನೆಗೆ ಬಂದು ಓದಿ ಹೇಳ್ತೀನಿ."

ಅವನು ನಗತೊಡಗಿದ. ಕಣ್ಣು ನೋಯುತ್ತೆ ಕಣೇ, ನಗಿಸಬೇಡ ಎಂದು ಹೇಳುತ್ತಲೇ ನಕ್ಕ. ಬಸ್ಸು ಬಂದು ನಿಂತಿತು. ಬಾಗಿಲು ಅವಳ ಎದುರೇ ತೆರೆದುಕೊಂಡಿತು. ಅವಳು ಹತ್ತಲಿಲ್ಲ. ಇಡೀ ದಿನ ಹೆದರಿದ್ದಳು, ನಾಚಿದ್ದಳು, ಬೇಡಿದ್ದಳು, ಸಿಟ್ಟು ಮಾತ್ರ ಎಲ್ಲೂ ಬಂದಿರಲಿಲ್ಲ. ಈಗ ಅದು ಅಂಗಾಲಿನಿಂದ ಮೇಲಕ್ಕೆ, ಗಿರಣಿಯ ಕಲ್ಲು ಹೊರಳಲು ಶುರುವಾಗುವ ಹಾಗೆ, ಮೊದಲು ಬಹಳ ನಿಧಾನವಾಗಿ, ತಿರುಗತೊಡಗಿತ್ತು.